ಕೃಷ್ಣಾತೀರದ ಗಡಿನಾಡು: ಮಾನವಶಾಸ್ತ್ರೀಯ ಅಧ್ಯಯನಗಳು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು, ಅವುಗಳಿಗೆ ತಾಗಿಕೊಂಡಿರುವ ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ಊರುಗಳು ಸೇರಿದ ಪ್ರದೇಶವನ್ನು ಇಲ್ಲಿ ಕೃಷ್ಣಾತೀರದ ಗಡಿನಾಡು ಎಂದು ಕರೆಯಲಾಗಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲಿನಲ್ಲಿ ಕಬ್ಬು, ತಂಬಾಕು, ಜೋಳ ಬೆಳೆಯುವ ರೈತರೂ ಕುರಿಯ ಹಿಂದೆ ತಿರುಗುವವರೂ ಒಟ್ಟಿಗಿದ್ದಾರೆ. ರಾಯಬಾಗ ತಾಲ್ಲೂಕಿನ ಪಾಲಬಾವಿಯಂಥ ಊರಿನವರ ಬೀಗರು ಮೀರಜ ಕಡೆಯವರಾಗಿರಬಹುದು, ಮನೆದೇವರು ಜತ್ತ ಕಡೆಯದಾಗಿರಬಹುದು. ರಾಜ್ಯದ ಗಡಿ ಅವರ ನಂಟಿಗೂ ಹರಕೆಗೂ ಅಡ್ಡ ಬಂದಿಲ್ಲ. ಅಡ್ಡ ಬಂದದ್ದು ವಿದ್ವತ್ತಿಗೆ. ಇಲ್ಲಿನ ಜನರನ್ನು ಕುರಿತ ಅಧ್ಯಯನ ಪುಣೆಯ ಡೆಕ್ಕನ್ ಕಾಲೇಜಿನ ಸುತ್ತ ಮರಾಠಿ ಮತ್ತು ಇಂಗ್ಲಿಷಿನಲ್ಲಿ ಒಂದು ಬಗೆಯಾಗಿ, ಧಾರವಾಡದ ಸುತ್ತ ಕನ್ನಡದಲ್ಲಿ ಇನ್ನೊಂದು ಬಗೆಯಾಗಿ ಬೆಳೆಯಿತು. ಒಂದೇ ಬೀರಪ್ಪ, ಒಂದೇ ಯಲ್ಲಮ್ಮ, ಒಂದೇ ಕುರುಬ–ಧನಗರ ಸಮುದಾಯ ಎರಡು ಕಪಾಟುಗಳಲ್ಲಿ ಹಂಚಿಹೋದವು. ಗಡಿಯನ್ನು ಜನರ ಜೊತೆಗೇ ದಾಟಿದ ಸಂಶೋಧಕರ ಕೆಲಸವೇ ಇವತ್ತಿಗೂ ನಿಂತಿದೆ.

ಈ ಹಂಚಿಕೆ ಬ್ರಿಟಿಷರ ದಾಖಲೆಗಳಿಂದಲೇ ಶುರುವಾಯಿತು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರ್ ಮಾಲೆಯಲ್ಲಿ ಬೆಳಗಾವಿ ಸಂಪುಟ 1884ರಲ್ಲಿ ಬಂತು, ಕೊಲ್ಹಾಪುರ ಸಂಪುಟ 1886ರಲ್ಲಿ. ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನದ ಮಹಾಲು. ಹಾಗಾಗಿ ಅಕ್ಕಪಕ್ಕದ ಊರುಗಳ ಒಂದೇ ಜಾತಿಯ ವಿವರಕ್ಕೆ ಎರಡು ಪುಸ್ತಕ ತೆರೆಯಬೇಕು. ಉಡುಗೆ, ಊಟ, ಮದುವೆ, ಹೆಣ ಹೂಳುವ ಅಥವಾ ಸುಡುವ ಪದ್ಧತಿ ಎಂದು ಒಂದೇ ಅಚ್ಚಿನಲ್ಲಿ ಪ್ರತಿ ಸಮುದಾಯವನ್ನೂ ಎರಕ ಹೊಯ್ದ ಬರಹ ಅದು. ಆರ್.ಇ. ಎಂಥೋವನ್ 1920ರಿಂದ 1922ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ಮುಂಬಯಿ ಪ್ರಾಂತ್ಯದ ಬುಡಕಟ್ಟು ಮತ್ತು ಜಾತಿಗಳ ಕೋಶವೂ ಅದೇ ದಾರಿ ಹಿಡಿಯಿತು. ಹೆಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ, ಇದೇ ಬಗೆಯ ಹೆಸರಾಂತ ಸಂಪುಟಗಳ ವ್ಯಾಪ್ತಿ ಮೈಸೂರು ಸಂಸ್ಥಾನಕ್ಕೆ ಮುಗಿಯಿತು. ಕೃಷ್ಣಾತೀರದ ಕನ್ನಡಿಗರು ಅವುಗಳಲ್ಲಿ ಇಲ್ಲ. ಗೆಜೆಟಿಯರುಗಳನ್ನು ಇಂದು ಓದುವವರು ಅವು ಕೊಡುವ ಮಾಹಿತಿಯ ಜೊತೆಗೆ ಆ ಮಾಹಿತಿ ಯಾರ ಬಾಯಿಂದ ಬಂತು ಎಂಬುದನ್ನೂ ಕೇಳಬೇಕು. ಕಚೇರಿಯ ಗುಮಾಸ್ತರೂ ಊರ ಪ್ರಮುಖರೂ ಹೇಳಿದ್ದೇ ಅಲ್ಲಿ ಬಹುಮಟ್ಟಿಗೆ ‘ಪದ್ಧತಿ’ ಆಯಿತು.

ಇದಕ್ಕೆ ಎದುರಾದ ಚಿಂತನೆ ಈ ನೆಲಕ್ಕೆ ಬೇಗನೆ ತಲುಪಿತ್ತು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಗೋಷ್ಠಿಯಲ್ಲಿ ಬಿ.ಆರ್. ಅಂಬೇಡ್ಕರ್ ಭಾರತದ ಜಾತಿಗಳನ್ನು ಕುರಿತು ಪ್ರಬಂಧ ಓದಿದರು. ಜಾತಿಯ ತಿರುಳಿರುವುದು ಒಳಮದುವೆಯಲ್ಲಿ, ಉಳಿದ ಲಕ್ಷಣಗಳು ಅದರಿಂದ ಹುಟ್ಟಿದವು ಎಂಬುದು ಅವರ ವಾದ. 1925ರಲ್ಲಿ ಅದೇ ಅಂಬೇಡ್ಕರ್ ಬಹಿಷ್ಕೃತರ ಪರಿಷತ್ತಿಗಾಗಿ ನಿಪ್ಪಾಣಿಗೆ ಬಂದರು. ಗೆಜೆಟಿಯರಿನಲ್ಲಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗಿದ್ದ ಜನ ಅಲ್ಲಿ ತಮ್ಮ ಸ್ಥಿತಿಯನ್ನು ತಾವೇ ವಿವರಿಸಲು ಸೇರಿದ್ದರು. ಈ ಭಾಗದ ಮಾನವಶಾಸ್ತ್ರದ ಚರಿತ್ರೆಯಲ್ಲಿ ಆ ಸಭೆಗೂ ಜಾಗ ಸಿಗಬೇಕು.

ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಸ್ವಂತ ನೆಲೆ ಹಾಕಿದವರು ಶಂ.ಬಾ. ಜೋಶಿ (1896–1991). ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದ ಅವರಿಗೆ ಮಾನವಶಾಸ್ತ್ರದ ಪದವಿ ಇರಲಿಲ್ಲ, ಸಂಶೋಧನೆಗೆ ಹಣ ಕೊಡುವ ಸಂಸ್ಥೆಯೂ ಇರಲಿಲ್ಲ. ಊರಿನ ಹೆಸರು, ದೇವರ ಹೆಸರು, ಮನೆತನದ ಬೆಡಗು, ಹಬ್ಬದ ಆಚರಣೆ ಇವುಗಳನ್ನೇ ಅವರು ದಾಖಲೆಯಾಗಿ ಓದಿದರು. ಮಹಾರಾಷ್ಟ್ರದ ಒಳಗೆ ಬಹುದೂರದವರೆಗೆ ಒಮ್ಮೆ ಕನ್ನಡದ ನೆಲೆ ಇತ್ತು, ಹಟ್ಟಿಕಾರ ಎಂಬ ಪಶುಪಾಲಕ ಜನವರ್ಗ ಎರಡೂ ನಾಡುಗಳ ತಳಹದಿ ಎಂದು ‘ಕಣ್ಮರೆಯಾದ ಕನ್ನಡ’, ‘ಮಹಾರಾಷ್ಟ್ರದ ಮೂಲ’ದಂಥ ಪುಸ್ತಕಗಳಲ್ಲಿ ವಾದಿಸಿದರು. ಮರಾಠಿ ಓದುಗರ ಮುಂದೆಯೂ ಆ ವಾದವನ್ನು ಮರಾಠಿಯಲ್ಲೇ ಬರೆದು ಇಟ್ಟರು. ‘ಹಾಲುಮತ ದರ್ಶನ’ (1960) ಕುರುಬರ ದೇವರು, ಗುರು, ಪುರಾಣಗಳನ್ನು ಒಂದು ತತ್ತ್ವವಾಗಿ ಓದಿದ ಮೊದಲ ದೊಡ್ಡ ಪ್ರಯತ್ನ. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅವರ ಅನೇಕ ಪದನಿಷ್ಪತ್ತಿಗಳನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲ. ಎರಡು ಶಬ್ದಗಳ ದನಿ ಹೋಲಿದರೆ ಅವರು ಬೇಗ ನಂಟು ಕಟ್ಟಿಬಿಡುತ್ತಿದ್ದರು. ಆದರೆ ಅವರು ಎತ್ತಿದ ಪ್ರಶ್ನೆಯ ತೂಕ ಅದರಿಂದ ಕಡಿಮೆಯಾಗಲಿಲ್ಲ. ರಾ.ಚಿಂ. ಢೇರೆ ಮರಾಠಿಯ ಒಳಗಿನಿಂದಲೇ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ (1984) ಬರೆದು, ಪಂಢರಪುರದ ವಿಠ್ಠಲ ಮೂಲದಲ್ಲಿ ದನ ಕುರಿ ಕಾಯುವವರ ದೇವರೆಂದೂ ಅವನ ಕನ್ನಡ ನಂಟು ಆಳವಾದದ್ದೆಂದೂ ತೋರಿಸಿದಾಗ, ಧಾರವಾಡದ ಮೇಷ್ಟ್ರು ಒಬ್ಬಂಟಿಯಾಗಿ ಹಿಡಿದಿದ್ದ ದಾರಿ ಸರಿಯಾದ ದಿಕ್ಕಿಗೇ ಇತ್ತೆಂಬುದು ಕಂಡಿತು.

ಪುಣೆಯ ಕಡೆಯ ಹಿರಿಯ ಹೆಸರು ಇರಾವತಿ ಕರ್ವೆ (1905–1970). 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಆಯ್ಗನ್ ಫಿಷರ್ ಕೈಕೆಳಗೆ ತಲೆಬುರುಡೆಗಳ ಮೇಲೆ ಸಂಶೋಧನೆ ಮಾಡಿದ ಅವರು, ಬುರುಡೆಯ ಆಕಾರದ ಓರೆಕೋರೆಗೂ ಜನಾಂಗಕ್ಕೂ ಸಂಬಂಧವಿಲ್ಲ ಎಂದು ಗುರುವಿನ ನಂಬಿಕೆಗೆ ವಿರುದ್ಧವಾದ ಫಲಿತಾಂಶವನ್ನೇ ಬರೆದುಕೊಟ್ಟರು. ಡೆಕ್ಕನ್ ಕಾಲೇಜಿಗೆ ಬಂದ ಮೇಲೆ ಅವರ ಮುಖ್ಯ ಕೆಲಸ ಬಂಧುತ್ವದ ಮೇಲೆ. 1953ರಲ್ಲಿ ಪ್ರಕಟವಾದ ‘ಕಿನ್‌ಶಿಪ್ ಆರ್ಗನೈಜೇಶನ್ ಇನ್ ಇಂಡಿಯಾ’ ಗ್ರಂಥದಲ್ಲಿ ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂಬ ನಾಲ್ಕು ಬಂಧುತ್ವ ವಲಯಗಳಾಗಿ ಗುರುತಿಸಿದರು. ಮಹಾರಾಷ್ಟ್ರ ಮಧ್ಯವಲಯಕ್ಕೆ ಸೇರಿತು, ಕರ್ನಾಟಕ ದಕ್ಷಿಣಕ್ಕೆ. ಎರಡೂ ಸೇರುವ ಗೆರೆ ಈ ಗಡಿನಾಡಿನ ಮೇಲೆಯೇ ಹಾಯುತ್ತದೆ.

ಆ ಗೆರೆಯನ್ನು ಇಲ್ಲಿನ ಮದುವೆಗಳಲ್ಲಿ ಕಾಣಬಹುದು. ಮರಾಠಾ ಮನೆತನಗಳಲ್ಲಿ ಹುಡುಗ ಸೋದರಮಾವನ ಮಗಳನ್ನು ಮಾಡಿಕೊಳ್ಳುವುದು ಸರಿ, ಸೋದರತ್ತೆಯ ಮಗಳನ್ನು ಮಾಡಿಕೊಳ್ಳುವುದು ಸಲ್ಲದು ಎಂಬ ರೂಢಿಯನ್ನು ಕರ್ವೆ ದಾಖಲಿಸಿದರು. ಕನ್ನಡದ ಬಹಳಷ್ಟು ಸಮುದಾಯಗಳಲ್ಲಿ ಎರಡೂ ನಡೆಯುತ್ತವೆ, ಅಕ್ಕನ ಮಗಳೂ ಆಗುತ್ತಾಳೆ. ತಾಯಿಯ ತಮ್ಮನೂ ಮಾವ, ಹೆಣ್ಣು ಕೊಟ್ಟವನೂ ಮಾವ. ತಂದೆಯ ತಂಗಿಯೂ ಅತ್ತಿ, ಗಂಡನ ತಾಯಿಯೂ ಅತ್ತಿ. ಈ ವ್ಯವಸ್ಥೆಯ ಒಳತರ್ಕವನ್ನು ಥಾಮಸ್ ಟ್ರಾಟ್‌ಮನ್ 1981ರ ‘ದ್ರವಿಡಿಯನ್ ಕಿನ್‌ಶಿಪ್’ ಗ್ರಂಥದಲ್ಲಿ ಚರಿತ್ರೆಯುದ್ದಕ್ಕೂ ಬಿಡಿಸಿ ನೋಡಿದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 27 ಪ್ರತಿಶತ ಮದುವೆಗಳು ರಕ್ತಸಂಬಂಧದೊಳಗಿನವು, ದೇಶದ ಸರಾಸರಿ 11ರ ಆಸುಪಾಸು. ವೈದ್ಯರು ಇದನ್ನು ಆನುವಂಶಿಕ ಕಾಯಿಲೆಗಳ ಪ್ರಶ್ನೆಯಾಗಿ ನೋಡುತ್ತಾರೆ, ಅದು ಸರಿಯೇ. ಆದರೆ ಹೊಲ ಹೊರಗೆ ಹೋಗಬಾರದು, ಮಗಳು ಗೊತ್ತಿದ್ದ ಮನೆಗೇ ಹೋಗಲಿ ಎಂಬ ಎರಡು ಲೆಕ್ಕಾಚಾರಗಳನ್ನು ಅರಿಯದೆ ಕೊಡುವ ತಿಳಿವಳಿಕೆ ಹಳ್ಳಿಯಲ್ಲಿ ಕಿವಿಗೆ ಬೀಳುವುದಿಲ್ಲ. ಮಾನವಶಾಸ್ತ್ರ ಆರೋಗ್ಯ ಇಲಾಖೆಗೆ ನೇರವಾಗಿ ನೆರವಾಗಬಲ್ಲ ಜಾಗ ಇದು.

ಭಾಷೆಯ ವಿಷಯದಲ್ಲಿ ಈ ಭಾಗ ಜಗತ್ತಿನ ಪಠ್ಯಪುಸ್ತಕಗಳನ್ನೇ ಸೇರಿದೆ. ಕಾಗವಾಡದಿಂದ ದೂರವಲ್ಲದ, ಅಂದು ಮೀರಜ ತಾಲ್ಲೂಕಿನ ಹಳ್ಳಿಯಾಗಿದ್ದ ಕುಪವಾಡದಲ್ಲಿ ಜಾನ್ ಗಂಪರ್ಜ್ 1960ರ ದಶಕದಲ್ಲಿ ಕ್ಷೇತ್ರಕಾರ್ಯ ಮಾಡಿದರು. ರಾಬರ್ಟ್ ವಿಲ್ಸನ್ ಜೊತೆ ಬರೆದ ಅವರ ಪ್ರಬಂಧ 1971ರಲ್ಲಿ ಪ್ರಕಟವಾಯಿತು. ಊರಿನ ಜೈನರೂ ಲಿಂಗಾಯತರೂ ಮನೆಯಲ್ಲಿ ಕನ್ನಡದವರು, ಮುಸ್ಲಿಮರು ಉರ್ದುವಿನವರು, ದಲಿತರು ಮರಾಠಿಯವರು, ಹಗ್ಗ ಹೊಸೆಯುವ ಕೆಲವು ಮನೆಗಳವರು ತೆಲುಗಿನವರು. ನೂರಾರು ವರ್ಷ ಒಟ್ಟಿಗೆ ಬಾಳಿದರೂ ಯಾರೂ ಮನೆಮಾತು ಬಿಟ್ಟಿಲ್ಲ, ಆದರೆ ಆ ಮಾತುಗಳ ವಾಕ್ಯರಚನೆ ಮಾತ್ರ ಒಂದರ ಪಡಿಯಚ್ಚಿನಂತೆ ಇನ್ನೊಂದಾಗಿದೆ ಎಂಬುದು ಅವರ ಶೋಧ. ಮೈಸೂರು ಕಡೆಯವರು ‘ಇದು ನಮ್ಮ ಮನೆ’ ಎಂದು ನಿಲ್ಲಿಸುವಲ್ಲಿ ಈ ಭಾಗದವರು ‘ಇದು ನಮ್ಮ ಮನಿ ಐತಿ’ ಎನ್ನುತ್ತಾರೆ. ಕೊನೆಯ ‘ಐತಿ’ ಮರಾಠಿ, ಉರ್ದುಗಳ ಜಾಡಿನಲ್ಲಿ ಬಂದದ್ದು. ಅತ್ತ ಕುಪವಾಡದ ಮರಾಠಿ, ಮನುಷ್ಯರಲ್ಲದ ಎಲ್ಲವನ್ನೂ ನಪುಂಸಕಲಿಂಗಕ್ಕೆ ಸೇರಿಸುವ ಕನ್ನಡದ ಕ್ರಮವನ್ನು ಎತ್ತಿಕೊಂಡಿತ್ತು. ಶಬ್ದ ಬೇರೆ, ಜಾತಿ ಬೇರೆ, ವಾಕ್ಯದ ಕಟ್ಟು ಒಂದೇ. ಕೂಡಿ ಬಾಳುವುದಕ್ಕೂ ಬೇರೆಯಾಗಿ ಉಳಿಯುವುದಕ್ಕೂ ಒಂದೇ ಊರಿನಲ್ಲಿ ಜನ ಹೇಗೆ ಅನುವು ಮಾಡಿಕೊಂಡರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ.

ನಾಲ್ಕು ದಶಕಗಳ ಬಳಿಕ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ–ಜೋಶಿ ಕುಪವಾಡಕ್ಕೆ ಮತ್ತೆ ಹೋಗಿ, ಪದಕ್ಕೆ ಪದ ಹೊಂದಿಕೆಯಾಗುತ್ತದೆ ಎಂಬ ಮೂಲ ಮಾದರಿಯನ್ನು ವಿಮರ್ಶೆಗೆ ಒಡ್ಡಿದರು. ಅವರ ಪ್ರಬಂಧ 2016ರದು. ಈ ನಡುವೆ ಊರೂ ಬದಲಾಗಿತ್ತು. ಕುಪವಾಡ ಇಂದು ಸಾಂಗ್ಲಿ–ಮೀರಜ–ಕುಪವಾಡ ಮಹಾನಗರಪಾಲಿಕೆಯ ಭಾಗ. ಕಾರ್ಖಾನೆ, ಶಾಲೆ, ಟಿ.ವಿ.ಗಳ ಮರಾಠಿ ಮನೆಯೊಳಗೂ ಬರುತ್ತಿರುವಾಗ ಕನ್ನಡ ಅಲ್ಲಿ ಎಷ್ಟು ತಲೆಮಾರು ನಿಲ್ಲುತ್ತದೆ ಎಂಬುದು ಈಗಿನ ಪ್ರಶ್ನೆ. ಗಡಿಯ ಈಚೆ ಇದೇ ಪ್ರಶ್ನೆಯನ್ನು ತಿರುಗಿಸಿ, ನಿಪ್ಪಾಣಿ ಕಡೆಯ ಮರಾಠಿ ಮನೆಗಳಲ್ಲಿ ಕೇಳಬೇಕಾಗುತ್ತದೆ.

ಕುರಿಗಾರರ ಅಧ್ಯಯನದಲ್ಲಿ ಮೊದಲು ನಿಲ್ಲುವ ಹೆಸರು ಹೈಡೆಲ್‌ಬರ್ಗಿನ ಗುಂಟರ್ ಸೋಂಥೈಮರ್ (1934–1992) ಅವರದು. ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ದೇವರುಗಳನ್ನು ಕುರಿತ ಅವರ ಜರ್ಮನ್ ಗ್ರಂಥ 1976ರಲ್ಲಿ ಬಂತು, ಆ್ಯನ್ ಫೆಲ್ಡ್‌ಹೌಸ್ ಮಾಡಿದ ಇಂಗ್ಲಿಷ್ ಅನುವಾದ 1989ರಲ್ಲಿ. ಧನಗರರ ಜೊತೆ ಅಲೆದು, ರಾತ್ರಿಯಿಡೀ ಹಾಡುವ ಓವಿಗಳನ್ನು ಧ್ವನಿಮುದ್ರಿಸಿಕೊಂಡು, ಅವುಗಳಿಂದಲೇ ಒಣಭೂಮಿಯ ಕುರಿಗಾರರಿಗೂ ನೀರಾವರಿಯ ರೈತರಿಗೂ ಇರುವ ಕೊಡುಕೊಳೆಯ ಚರಿತ್ರೆಯನ್ನು ಅವರು ಕಟ್ಟಿದರು. ಅವರ ಬಿರೋಬಾನೇ ಇಲ್ಲಿನ ಬೀರಪ್ಪ. ಡೊಳ್ಳಿನ ಪದಗಳಲ್ಲಿ ಅವನನ್ನು ಸಾಕಿದ ಅಕ್ಕ ಮಾಯವ್ವ, ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕ. ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿಯ ಜಾತ್ರೆಗೆ ಕೊಲ್ಹಾಪುರ, ಸಾಂಗ್ಲಿ ಕಡೆಯಿಂದ ಎತ್ತಿನ ಗಾಡಿಗಳ ಸಾಲೇ ಬರುತ್ತದೆ. ಭಂಡಾರ ಹಾರಿ ಮೈ, ಬಟ್ಟೆ, ನೆಲ ಎಲ್ಲ ಹಳದಿಯಾದಾಗ ಹಾಡು ಯಾವ ಭಾಷೆಯದೆಂದು ಕೇಳುವವರಿಲ್ಲ. ಅದೇ ಕಥೆ ಇತ್ತ ಡೊಳ್ಳಿನ ಪದವಾಗಿ ಕನ್ನಡದಲ್ಲಿ, ಅತ್ತ ಓವಿಯಾಗಿ ಮರಾಠಿಯಲ್ಲಿ ಹಾಡಾಗುತ್ತದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಾಲುಮತ ಅಧ್ಯಯನ ಪೀಠ ಕನ್ನಡದ ಪಾಠಗಳ ಕೆಲಸವನ್ನು ಮುಂದುವರಿಸಿದೆ. ಎರಡೂ ಭಾಷೆಯ ಪಾಠಗಳನ್ನು ಎದುರುಬದುರು ಇಟ್ಟು ಓದುವುದು ಈ ಕ್ಷೇತ್ರದ ಅತ್ಯಂತ ಫಲವತ್ತಾದ ಕೆಲಸವಾದೀತು.

ದೇವರಿಂದ ಕುರಿಗೆ ಬಂದರೆ ವಿಷಯ ಇನ್ನೂ ಹತ್ತಿರದ್ದು. ದಖನಿ ಕುರಿಯ ಒರಟು ಕರಿ ಉಣ್ಣೆಯೇ ಕಂಬಳಿಯ ಮೂಲ. ಮಳೆಗೆ ಹೊದೆಯಲು, ನೆಲಕ್ಕೆ ಹಾಸಲು, ದೇವರ ಗದ್ದುಗೆಗೆ ಹಾಕಲು, ಮದುವೆಯಲ್ಲಿ ಕೂರಿಸಲು ಅದೇ ಬೇಕಿತ್ತು. ಈಗ ಮಾಂಸದ ಬೆಲೆ ಏರಿ ಉಣ್ಣೆಯ ಬೆಲೆ ಬಿದ್ದುಹೋದದ್ದರಿಂದ, ಅಥಣಿಗೆ ತಾಗಿದ ಜತ್ತ ತಾಲ್ಲೂಕಿನ ಮಾಡಗ್ಯಾಳ ತಳಿಯ ಟಗರಿಗೆ ಬೇಡಿಕೆ ಹೆಚ್ಚಿದೆ. ಗಿಳಿಮೂಗಿನ, ಬಿಳಿ ಮೈಮೇಲೆ ಕಂದು ಮಚ್ಚೆಯ ಈ ಎತ್ತರದ ಕುರಿ ತೂಕದಲ್ಲಿ ದಖನಿಯನ್ನು ಮೀರಿಸುತ್ತದೆ, ಆದರೆ ಅದರ ಮೈಯಲ್ಲಿ ಕತ್ತರಿಸುವಂಥ ಉಣ್ಣೆ ಇಲ್ಲ. ಮಂದೆ ಬದಲಾದರೆ ನೂಲುವ ಹೆಂಗಸರ ಕೆಲಸ ಹೋಗುತ್ತದೆ, ಮಗ್ಗ ನಿಲ್ಲುತ್ತದೆ, ಪೂಜೆಯ ಕಂಬಳಿಯನ್ನು ಸಂತೆಯಿಂದ ತರಬೇಕಾಗುತ್ತದೆ. ಕಬ್ಬಿನ ನೀರಾವರಿ ಹಬ್ಬಿದಂತೆ ಕೊಯ್ಲಾದ ಹೊಲಗಳ ಮೇವೂ ಕಡಿಮೆಯಾಯಿತು. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆದು ಕುರಿಗಾರನಿಗೆ ಕಾಳೋ ಹಣವೋ ಕೊಡುವ ಹಳೆಯ ಒಪ್ಪಂದದ ಮೇಲೂ ಅದರ ಪೆಟ್ಟು ಬಿದ್ದಿದೆ. ಮಾಧವ ಗಾಡ್ಗೀಳ್ ಮತ್ತು ಕೈಲಾಸ್ ಮಲ್ಹೋತ್ರಾ ಗೌಳಿ ಧನಗರರನ್ನು ಕುರಿತು 1982ರಲ್ಲಿ ಬರೆದ ಪ್ರಬಂಧ, ಜಾತಿಯನ್ನು ಪರಿಸರದ ಬಳಕೆಯ ಹಂಚಿಕೆಯಾಗಿ ನೋಡುವ ಬಗೆಯನ್ನು ಕಲಿಸಿತು. ಅದೇ ಕಣ್ಣಿನಿಂದ ಕಬ್ಬಿನ ನಾಡಿನ ಕುರುಬರನ್ನು ನೋಡುವ ಕಾಲ ಇದು.

ಹೊರನಾಡಿನ ಸಂಶೋಧಕರನ್ನು ಈ ಭಾಗಕ್ಕೆ ಹೆಚ್ಚು ಸೆಳೆದದ್ದು ಯಲ್ಲಮ್ಮ. ಸವದತ್ತಿ ಮುಖ್ಯ ಕ್ಷೇತ್ರವಾದರೆ ಅಥಣಿ ತಾಲ್ಲೂಕಿನ ಕೋಕಟನೂರು ಗಡಿ ಭಾಗದವರ ದೊಡ್ಡ ಜಾತ್ರೆ. ನಿಕೋಲಸ್ ಬ್ರಾಡ್‌ಫರ್ಡ್ 1983ರಲ್ಲಿ, ಹೆಣ್ಣುಡುಗೆ ತೊಟ್ಟು ದೇವಿಯ ಸೇವೆ ಮಾಡುವ ಜೋಗಪ್ಪಂದಿರನ್ನು ಕುರಿತು, ಫ್ರಾನ್ಸಿನ ಜಾಕಿ ಅಸಯಾಗ್ 1992ರಲ್ಲಿ ತಲೆ ಕಡಿಸಿಕೊಂಡ ದೇವಿಯ ಸಿಟ್ಟನ್ನು ಕುರಿತು ಬರೆದರು. ಅಸಯಾಗ್ ಮುಂದೆ ಇದೇ ಸೀಮೆಯ ದರ್ಗಾ, ಉರುಸುಗಳಲ್ಲಿ ಹಿಂದೂ ಮುಸ್ಲಿಮರ ಒಡನಾಟವನ್ನೂ ಅಧ್ಯಯನ ಮಾಡಿದರು. ಲುಸಿಂಡಾ ರ‍್ಯಾಂಬರ್ಗ್ ಅವರ ‘ಗಿವನ್ ಟು ದಿ ಗಾಡೆಸ್’ (2014) ಹೆಚ್ಚು ಚರ್ಚೆಗೆ ಬಂದ ಪುಸ್ತಕ. ದೇವಿಗೆ ಮದುವೆಯಾದ ಜೋಗತಿಯನ್ನು ಅನ್ಯಾಯಕ್ಕೊಳಗಾದವಳು ಎಂದಷ್ಟೇ ನೋಡದೆ, ತವರಿನಲ್ಲೇ ಉಳಿದು ಮಗನಂತೆ ಮನೆ ನಡೆಸುವವಳು, ಹಕ್ಕುಳ್ಳವಳು ಎಂದು ಬಂಧುತ್ವದ ಒಳಗೆ ಇಟ್ಟು ಅವರು ನೋಡಿದರು. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ನಂತರ ಸುಧಾರಕರು ಜೋಗತಿಯರ ಜಡೆ ಕತ್ತರಿಸಿದ ಅಭಿಯಾನವನ್ನೂ ಅವರು ಪ್ರಶ್ನಿಸುತ್ತಾರೆ. ಈ ವಾದವನ್ನು ಪೂರ್ತಿ ಒಪ್ಪುವುದು ಕಷ್ಟ. ದೇವಿಗೆ ಬಿಡುವ ಹುಡುಗಿಯರು ಬಹುಪಾಲು ದಲಿತ ಮನೆಗಳವರೇ ಯಾಕೆ ಎಂಬ ಪ್ರಶ್ನೆ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ, ಆ ಪದ್ಧತಿಯನ್ನು ತಡೆಯುವ ಕಾನೂನು ಬೇಕೇ ಬೇಕು. ಆದರೆ ಆಗಲೇ ಜೋಗತಿಯಾಗಿ ಬಾಳು ಕಟ್ಟಿಕೊಂಡ ಹೆಂಗಸಿನ ಪೂಜೆಯನ್ನೇ ಅಪರಾಧವಾಗಿಸಿದರೆ ಅವಳಿಗೆ ಏನು ಉಳಿಯಿತು ಎಂದು ಅವರು ಕೇಳಿದ್ದು ನ್ಯಾಯವಾದದ್ದೇ.

ಅಧ್ಯಯನಕ್ಕೆ ವಸ್ತುವಾದವರೇ ಎದುರುತ್ತರ ಕೊಟ್ಟ ಉದಾಹರಣೆಯೂ ಇಲ್ಲಿಯದೇ. ಸಾಂಗ್ಲಿಯ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್, 2010ರಲ್ಲಿ ವಿದೇಶಿ ಮಾಧ್ಯಮವೊಂದು ತಮ್ಮ ಮೇಲೆ ಮಾಡಿದ ಸಾಕ್ಷ್ಯಚಿತ್ರಕ್ಕೆ ತನ್ನದೇ ವಿಡಿಯೊ ಮಾಡಿ ಉತ್ತರಿಸಿತು. ಅದಕ್ಕೂ ಹಿಂದೆ, 1982ರಲ್ಲಿ, ಯುಗಾಂತರ್ ಎಂಬ ಮಹಿಳಾ ಚಿತ್ರ ಬಳಗ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರ ಜೊತೆ ಕೂಡಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ಮಾಡಿತ್ತು. ತಂಬಾಕಿನ ದೂಳಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದುಡಿಯುವ ಹೆಂಗಸರು ಸಂಘ ಕಟ್ಟಿದ್ದನ್ನು ಅವರದೇ ಮಾತಿನಲ್ಲಿ ಹೇಳುವ ಆ ಚಿತ್ರವನ್ನು ಈ ಭಾಗದ ಅತ್ಯುತ್ತಮ ಜನಾಂಗವರ್ಣನೆಗಳ ಸಾಲಿನಲ್ಲಿಡಬೇಕು.

ಜೈನರ ಮೇಲಿನ ಕೆಲಸವೂ ಗಟ್ಟಿಯಾದದ್ದು. ವ್ಯಾಪಾರಿಗಳೇ ಜೈನರು ಎಂಬ ಕಲ್ಪನೆ ಇಲ್ಲಿ ನಿಲ್ಲುವುದಿಲ್ಲ, ಇಲ್ಲಿಯ ದಿಗಂಬರರು ನೇಗಿಲು ಹಿಡಿದವರು. 1899ರಲ್ಲಿ ನಿಪ್ಪಾಣಿ ಬಳಿಯ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿತು. ಭೋಜ ಗ್ರಾಮದ ರೈತ ಮನೆತನದ ಶಾಂತಿಸಾಗರರು (1872–1955) ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟರು. ವಿಲಾಸ ಸಂಗವೆ 1959ರಲ್ಲಿ ಜೈನ ಸಮುದಾಯದ ಸಾಮಾಜಿಕ ಸಮೀಕ್ಷೆ ಪ್ರಕಟಿಸಿದರು. ಬ್ರಿಟನ್ನಿನ ಮೈಕೆಲ್ ಕ್ಯಾರಿಥರ್ಸ್ ಕೊಲ್ಹಾಪುರ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡಿ, ಕ್ಯಾರೋಲೈನ್ ಹಂಫ್ರಿ ಜೊತೆ 1991ರಲ್ಲಿ ‘ದಿ ಅಸೆಂಬ್ಲಿ ಆಫ್ ಲಿಸನರ್ಸ್’ ಸಂಪಾದಿಸಿದರು.

ಗ್ರಾಮ ಅಧ್ಯಯನಗಳ ದೊಡ್ಡ ಅಲೆ ಮಾತ್ರ ಈ ಭಾಗದ ಪಕ್ಕದಲ್ಲಿ ಹಾದುಹೋಯಿತು. ಎಂ.ಎನ್. ಶ್ರೀನಿವಾಸರ ರಾಂಪುರವಾಗಲಿ, ಕಬ್ಬು ಬಂದಾಗ ಎರಡು ಹಳ್ಳಿಗಳು ಬೇರೆ ಬೇರೆ ದಾರಿ ಹಿಡಿದುದನ್ನು ಸ್ಕಾರ್ಲೆಟ್ ಎಪ್‌ಸ್ಟೀನ್ ತೋರಿಸಿದ 1962ರ ಅಧ್ಯಯನವಾಗಲಿ ಹಳೆ ಮೈಸೂರಿನವು. ಕನ್ನಡ ಓದುಗರಿಗೆ ಹಿರೇಮಲ್ಲೂರ ಈಶ್ವರನ್ ಎಂದು ಪರಿಚಿತರಾದ ಕೆ. ಈಶ್ವರನ್ ಅವರ ‘ಶಿವಾಪುರ’ (1968) ಉತ್ತರ ಕರ್ನಾಟಕದ ಲಿಂಗಾಯತ ಪ್ರಧಾನ ಹಳ್ಳಿಯ ಚಿತ್ರ ಕೊಟ್ಟಿತು, ಕಸುಬುದಾರರ ಸೇವೆಗೆ ರೈತರು ಕಾಳು ಕೊಡುವ ಆಯದ ವ್ಯವಸ್ಥೆಯನ್ನು ಒಳಗಿನವರ ತಿಳಿವಿನಿಂದ ಬಿಡಿಸಿತು. ಎ.ಆರ್. ವಾಸವಿ ನೆರೆಯ ವಿಜಯಪುರ ಜಿಲ್ಲೆಯಲ್ಲಿ ಮಾಡಿದ ಕೆಲಸ ಕೃಷ್ಣಾತೀರಕ್ಕೆ ಹೆಚ್ಚು ಹತ್ತಿರದ್ದು. ಹೈಬ್ರಿಡ್ ಜೋಳ ಬಂದ ಮೇಲೆ ರೊಟ್ಟಿಯ ಕಸುವು ಹೋಯಿತು, ಮನುಷ್ಯರೂ ಹೈಬ್ರಿಡ್ ಆದರು ಎಂಬ ರೈತರ ಮಾತನ್ನು ಅವರು ಕೃಷಿ ಬದಲಾವಣೆಯ ಮೇಲಿನ ಗಂಭೀರ ವಿಮರ್ಶೆಯಾಗಿ ಕೇಳಿಸಿಕೊಂಡರು. 1999ರ ‘ಹಾರ್ಬಿಂಜರ್ಸ್ ಆಫ್ ರೇನ್’ ಅದರ ಫಲ. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆ, ಹಿಡಕಲ್ ಜಲಾಶಯದ ಕಾಲುವೆ, ಏತ ನೀರಾವರಿ ಬದಲಿಸಿದ ಊರುಗಳಲ್ಲಿ ಇದೇ ಬಗೆಯ ತಾಳ್ಮೆಯ ಕೆಲಸ ನಡೆಯಬೇಕು. ಕಬ್ಬು ಕಡಿಯುವ ಗ್ಯಾಂಗುಗಳು, ಅವರ ಮುಂಗಡದ ಸಾಲ, ಅವರ ಮಕ್ಕಳ ಶಾಲೆ ಇವೆಲ್ಲ ಅದರಲ್ಲಿ ಸೇರಬೇಕು.

ಪ್ರಾಗಿತಿಹಾಸದಲ್ಲಿ ಈ ಸೀಮೆಗೆ ಹಳೆಯ ಹೆಸರಿದೆ. ಗೋಕಾಕ ಬಳಿಯ ಚಿಕಡೌಳಿಯಲ್ಲಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿದರು. ಮಲಪ್ರಭಾ, ಘಟಪ್ರಭಾ ಕಣಿವೆಗಳ ಶಿಲಾಯುಧಗಳ ಮೇಲೆ ಡೆಕ್ಕನ್ ಕಾಲೇಜಿನವರು ಮುಂದೆ ದುಡಿದರು. ಇತ್ತೀಚಿನ ತಳಿವಿಜ್ಞಾನ ಬೇರೊಂದು ಕಡೆಯಿಂದ ಬೆಳಕು ಬೀರಿದೆ. ಪ್ರಿಯಾ ಮೂರ್ಜಾನಿ ಮತ್ತು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿ.ಸಿ.ಎಂ.ಬಿ.) ವಿಜ್ಞಾನಿಗಳು ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದ ಜನಸಮೂಹಗಳು ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ವ್ಯಾಪಕವಾಗಿ ಬೆರೆತವು, ಆಮೇಲೆ ಒಳಮದುವೆ ಬಿಗಿಯಾಯಿತು. ಅಂಬೇಡ್ಕರರು ತರ್ಕದಿಂದ ಹಿಡಿದದ್ದಕ್ಕೆ ರಕ್ತದ ಮಾದರಿಗಳಲ್ಲಿ ಕಾಲಮಾನ ಸಿಕ್ಕಿತು. ಕರ್ವೆ ಮತ್ತು ಮಲ್ಹೋತ್ರಾ 1968ರಲ್ಲಿ ಒಂದೇ ಮಟ್ಟದ ಎಂಟು ಒಳಮದುವೆಯ ಗುಂಪುಗಳನ್ನು ಅಳೆದು ನೋಡಿದ್ದೂ ಇದೇ ಪ್ರಶ್ನೆಯ ಹಿಂದಿನ ಹಂತ.

ಇಂದು ಮಾನವಶಾಸ್ತ್ರ ಜನರ ಬಾಳಿಗೆ ನೇರವಾಗಿ ತಟ್ಟುವುದು ಸರ್ಕಾರದ ಪಟ್ಟಿಗಳಲ್ಲಿ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ ಕೆ.ಎಸ್. ಸಿಂಗ್ ನೇತೃತ್ವದಲ್ಲಿ 1985ರಲ್ಲಿ ಆರಂಭಿಸಿದ ‘ಪೀಪಲ್ ಆಫ್ ಇಂಡಿಯಾ’ ಯೋಜನೆ ದೇಶದಲ್ಲಿ 4,635 ಸಮುದಾಯಗಳನ್ನು ಗುರುತಿಸಿತು. 2025ರ ಸೆಪ್ಟೆಂಬರ್ 22ರಂದು ಶುರುವಾದ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಪ್ರತಿ ಮನೆಯವರನ್ನೂ ಜಾತಿಯ ಹೆಸರನ್ನು ತಾವೇ ಹೇಳುವಂತೆ ಕೇಳಲಾಯಿತು. ಕುರುಬರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯಿಂದಾಗಿ ಕುಲಶಾಸ್ತ್ರೀಯ ಅಧ್ಯಯನ ಎಂಬ ಮಾತು ಪತ್ರಿಕೆಗಳ ದಿನನಿತ್ಯದ ಮಾತಾಗಿದೆ. ಅಂಥ ಅಧ್ಯಯನಗಳು ಇವತ್ತಿಗೂ 1965ರ ಲೋಕೂರ್ ಸಮಿತಿಯ ಐದು ಮಾನದಂಡಗಳನ್ನೇ ಹಿಡಿದು ನಡೆಯುತ್ತವೆ: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ. ‘ಆದಿಮ’ ಎಂಬ ಕಲ್ಪನೆಯನ್ನು ಮಾನವಶಾಸ್ತ್ರ ತಾನೇ ಎಂದೋ ಕೈಬಿಟ್ಟಿದೆ. ವರ್ಷದ ಬಹುಭಾಗ ಪರವೂರಿನ ಹೊಲಗಳಲ್ಲಿ ಬೀಡುಬಿಟ್ಟು, ಹತ್ತಾರು ಜಾತಿಗಳ ರೈತರೊಡನೆ ವ್ಯವಹರಿಸಿಯೇ ಬದುಕುವ ಕುರಿಗಾರನಲ್ಲಿ ಪ್ರತ್ಯೇಕತೆಯನ್ನೂ ಸಂಕೋಚವನ್ನೂ ಹುಡುಕುವುದು ಅವನ ಬಾಳಿಗೆ ಮಾಡುವ ಅನ್ಯಾಯ.

ಅದರ ಮೇಲೆ, ಅಥಣಿ ತಾಲ್ಲೂಕಿನ ಕುರುಬ ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ 2ಎ ಪ್ರವರ್ಗಕ್ಕೆ ಸೇರಿದವನು. ಪಕ್ಕದ ಜತ್ತದಲ್ಲಿರುವ ಅವನ ಧನಗರ ನೆಂಟ ಮಹಾರಾಷ್ಟ್ರದಲ್ಲಿ ಅಲೆಮಾರಿ ಜಾತಿಗಳ ‘ಸಿ’ ಗುಂಪಿನವನು. ಇಬ್ಬರೂ ಪರಿಶಿಷ್ಟ ಪಂಗಡದ ಸ್ಥಾನಮಾನ ಕೇಳುತ್ತಿದ್ದಾರೆ, ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಮುಂಬಯಿಯಲ್ಲಿ. ಚಿಂಚಲಿಯ ಜಾತ್ರೆಯಲ್ಲಿ ಅವರ ಮಂದಿಯನ್ನು ಒಟ್ಟಿಗೆ ಕೂಡಿಸಿ ಮಾತಾಡಿಸಿ, ಎರಡೂ ಭಾಷೆಗಳಲ್ಲಿ ಬರೆದು, ಬರೆದದ್ದನ್ನು ಅವರಿಗೇ ಓದಿ ತೋರಿಸಿ ತಿದ್ದಿಸಿಕೊಳ್ಳುವ ಜಂಟಿ ಅಧ್ಯಯನವೊಂದನ್ನು ಧಾರವಾಡ, ಹಂಪಿ, ಪುಣೆ, ಕೊಲ್ಹಾಪುರಗಳ ವಿಭಾಗಗಳು ಸೇರಿ ಕೈಗೊಳ್ಳಬೇಕಾಗಿದೆ.